ನಂಬರ್ ಕೇಳಿದರೆ ಹೇಳಿಬಿಡಿ

ಹಾಸನದಿಂದ ಬ್ಯಾಂಕಾಕಿಗೆ ಬಂದು ಮೂರು ವಾರ ಆಯ್ತು ಅಂತ ಬರೆದಿದ್ದೀರಿ. ಮನೆ ಎಲ್ಲಿ ನೋಡಲಿ, ಸಸ್ಯಾಹಾರ ಹೇಗೆ ಹುಡುಕಲಿ, ಆಫೀಸಿನವರೆಲ್ಲ ಸೇರಿ ಲಾಟರಿ ತಗೊಳ್ಳುತ್ತಾರೆ, ನಾನೂ ಸೇರಬೇಕಾ ಅಂತ ಕೇಳಿದ್ದೀರಿ. ಮನೆ ಆನ್ ನುಟ್ ಕಡೆ ನೋಡಿ, ಟ್ರೇನ್ ಹತ್ತಿರ. ಅಂಗಡಿ ಮುಂದೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇದ್ದರೆ ಅದು ‘ಜೇ’ ಊಟ. ಮೀನಿನ ಸಾಸ್ ಇರಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇರಲ್ಲ. ನಿಮ್ಮಜ್ಜಿಗೆ ಹೇಳಿ, ಖುಷಿಪಡುತ್ತಾರೆ.

ಲಾಟರಿ ಮಾತು ಸ್ವಲ್ಪ ಉದ್ದ.

ನಾನು ಬಂದದ್ದು 2011ರಲ್ಲಿ. ಮೊದಲ ತಿಂಗಳೇ ನಮ್ಮ ಗಲ್ಲಿಯ ಚರಂಡಿಯಿಂದ ಹೆಬ್ಬಾವೊಂದು ಒಬ್ಬರ ಮನೆಗೆ ನುಗ್ಗಿತು. ನಾನು ಓಡಿದೆ. ತಿರುಗಿ ನೋಡಿದರೆ ಅಕ್ಕಪಕ್ಕದವರು ಆ ಮನೆಯ ನಂಬರ್ ಬರೆದುಕೊಳ್ಳುತ್ತಿದ್ದರು! ಇಲ್ಲಿ ಕನಸಲ್ಲೂ ನಂಬರ್, ಅಪಘಾತವಾದ ಕಾರಲ್ಲೂ ನಂಬರ್. ಪ್ರಧಾನಿಯ ಕಾರಿನ ಪ್ಲೇಟನ್ನೂ ಬಿಡಲ್ಲ. ಆನ್ ನುಟ್‌ಗೆ ಹೋದರೆ ವಾಟ್ ಮಹಾಬುತ್ ಅನ್ನುವ ಬೌದ್ಧ ದೇವಸ್ಥಾನದಲ್ಲಿ ಮೇ ನಾಕ್ ಅನ್ನುವ ದೆವ್ವದ ಗುಡಿ ನೋಡಿ. ಹೆರಿಗೆಯಲ್ಲಿ ಸತ್ತ ಹೆಂಗಸು ಅವಳು. ಅವಳಿಗೆ ಬಟ್ಟೆ ಕೊಟ್ಟು, ಮರದ ಕಾಂಡಕ್ಕೆ ಪೌಡರ್ ಉಜ್ಜಿ, ಅಂಕಿ ಕಾಣುತ್ತಾ ಅಂತ ನೋಡುತ್ತಾರೆ.

ಡ್ರಾ ತಿಂಗಳಿಗೆ ಎರಡು ಸಲ, 1 ಮತ್ತು 16ನೇ ತಾರೀಖು. ಸರ್ಕಾರದ್ದೇ ಲಾಟರಿ. ಟಿಕೆಟ್ ಬೆಲೆ 80 ಬಾತ್, ಬೀದಿಯಲ್ಲಿ 100 ಹೇಳುತ್ತಾರೆ. ಆರಂಕಿಗೆ ಮೊದಲ ಬಹುಮಾನ 60 ಲಕ್ಷ ಬಾತ್. ಆದರೆ ಜನ ಆಸೆಪಡುವುದು ಜಾಸ್ತಿ ಕೊನೆಯ ಎರಡಂಕಿಗೆ, ಅದಕ್ಕೆ 2,000 ಸಿಗುತ್ತೆ. ವಿದೇಶದವರೂ ಕೊಳ್ಳಬಹುದು, ತೊಂದರೆಯಿಲ್ಲ. ‘ಹುಯ್ ತಾಯ್ ದಿನ್’ ಅಂತ ಯಾರಾದರೂ ಚೀಟಿ ಬರೆಯಲು ಬಂದರೆ ಮಾತ್ರ ದೂರ ಇರಿ. ಅದು ನಮ್ಮ ಓಸಿ. ಬೇಕಾದ ನಂಬರ್ ಬರೆಸಬಹುದು, ಹತ್ತಿಪ್ಪತ್ತು ಬಾತ್ ಇದ್ದರೂ ಸಾಕು, ಸಾಲಕ್ಕೂ ಬರೆಯುತ್ತಾರೆ. ಕಾನೂನಿಗೆ ವಿರುದ್ಧ. ವರ್ಕ್ ಪರ್ಮಿಟ್ ಇಟ್ಟುಕೊಂಡವನಿಗೆ ಆ ಉಸಾಬರಿ ಬೇಡ.

ಓಸಿ ಅಂದರೆ ನನಗೆ ಮೈ ಉರಿಯುತ್ತೆ, ಕಾರಣ ಇದೆ. ನಮ್ಮಪ್ಪ ಒಂದಂಕಿ ಲಾಟರಿಯಲ್ಲಿ ಅರ್ಧ ಎಕರೆ ತೆಂಗಿನ ತೋಟ ಕಳೆದವರು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಅಮ್ಮ ದೇವಸ್ಥಾನದಲ್ಲಿ ಕಾಯಿ ಒಡೆಸಿದಳು. ಅಪ್ಪ ಸುಮ್ನೆ ಓಸಿ ಕಡೆ ತಿರುಗಿದರು.

ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ, ತಿಥಿ ಮುಗಿಸಿ ಬಂದೆ. ನಮ್ಮ ಆಫೀಸಲ್ಲಿ ನೆಲ ಒರೆಸುವ ಹೆಂಗಸೊಬ್ಬರಿದ್ದರು. ಎಲ್ಲರೂ ‘ಪಾ’ ಅನ್ನುತ್ತಿದ್ದರು. ಪಾ ಅಂದರೆ ನಮ್ಮ ದೊಡ್ಡಮ್ಮ ಇದ್ದ ಹಾಗೆ. ನನ್ನ ಬೋಳು ತಲೆ ನೋಡಿ ಹತ್ತಿರ ಬಂದು, ತೋಳು ಸವರಿ, ಅಪ್ಪನಿಗೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಿದರು. 73 ಅಂದೆ. “ಜೆತ್ ಸಿಪ್ ಸಾಮ್” ಅಂತ ಹೇಳಿಕೊಂಡು ಏಪ್ರನ್ ಜೇಬಿಂದ ಬಾಲ್‌ಪೆನ್ ತೆಗೆದು ಅಂಗೈ ಮೇಲೆ ಬರೆದುಕೊಂಡರು. ನೋಡಿದ್ದೇ ತಡ, ಎಲ್ಲರ ಮುಂದೆ ಕೂಗಾಡಿಬಿಟ್ಟೆ. ಅರ್ಧ ಕನ್ನಡದಲ್ಲೇ ಬೈದೆ ಅಂತ ಕಾಣುತ್ತೆ.

ಮಾರನೇ ದಿನ ನನ್ನ ಕೀಬೋರ್ಡ್ ಕೆಳಗೆ ಒಂದು ಟಿಕೆಟ್ ಇತ್ತು. ಕೊನೆಯ ಎರಡಂಕಿ 73. ಅವರಿಗೊಂದು, ನನಗೊಂದು ಕೊಂಡಿದ್ದರು. ಸತ್ತವರು ತಮ್ಮವರನ್ನು ಬರಿಗೈಯಲ್ಲಿ ಬಿಟ್ಟು ಹೋಗಲ್ಲ, ನಂಬರ್ ಕೊಟ್ಟು ಹೋಗುತ್ತಾರೆ ಅನ್ನುವುದು ಅವರ ನಂಬಿಕೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. ಅವತ್ತು ಟಿಕೆಟನ್ನು ಅವರ ಬಕೆಟ್ ಪಕ್ಕ ಇಟ್ಟು ಬಂದೆ. ಅವರು ಏನೂ ಅನ್ನದೆ ಎತ್ತಿಕೊಂಡರು. ಆರು ತಿಂಗಳಿಗೆ ಕೆಲಸ ಬಿಟ್ಟು ಇಸಾನ್ ಕಡೆಯ, ಅಂದರೆ ಈಶಾನ್ಯ ಥಾಯ್ಲೆಂಡಿನ ತಮ್ಮ ಊರಿಗೆ ಹೋದರು. ಅಪ್ಪ ಬಂದಿದ್ದರೆ ಭಾಷೆ ಬರದಿದ್ದರೂ ಪಾ ಜೊತೆ ಕೂತು ನಂಬರ್ ಲೆಕ್ಕ ಹಾಕುತ್ತಿದ್ದರು, ಅದಂತೂ ಖಂಡಿತ.

ಆ ಸಲ 73 ಬಂತಾ ಅಂತ ನಾನು ಇವತ್ತಿಗೂ ನೋಡಿಲ್ಲ. ಹಳೇ ಫಲಿತಾಂಶ ಎಲ್ಲ ಸಿಗುತ್ತೆ, ಎರಡು ನಿಮಿಷದ ಕೆಲಸ.

16 ಹತ್ತಿರ ಬಂತಲ್ವಾ? ನಿಮ್ಮ ಪಾಲಿನ ದುಡ್ಡು ಕೊಟ್ಟು ಸೇರಿಕೊಳ್ಳಿ. ತಿಂಗಳಿಗೆ ಎರಡು ಟಿಕೆಟ್, ಅದಕ್ಕಿಂತ ಜಾಸ್ತಿ ಬೇಡ. ನಂಬರ್ ಕೇಳಿದರೆ ಹಾಸನದ ಮನೆ ನಂಬರ್ ಹೇಳಿ.