ಸಾರಾಂಶ ಆಮೇಲೆ, ಪದ್ಯ ಮೊದಲು

ಪ್ರಶ್ನೆ: ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹಳಗನ್ನಡ ಪದ್ಯ ಶುರುವಾದರೆ ಸಾಕು, ‘ಸಾರಾಂಶ ಬರೆಸಿಬಿಡಿ ಮೇಡಂ’ ಅನ್ನುತ್ತಾರೆ. ಸಿಲಬಸ್ ಮುಗಿಸುವ ಅವಸರದಲ್ಲಿ ನಾನೂ ಬರೆಸುತ್ತೇನೆ. ಅಂಕ ಬರುತ್ತದೆ, ಪದ್ಯ ಓದಲು ಮಾತ್ರ ಒಬ್ಬರಿಗೂ ಬರುವುದಿಲ್ಲ. ಏನು ಮಾಡಲಿ?
— ಉಪನ್ಯಾಸಕಿ, ಪುತ್ತೂರು

ಉತ್ತರ: ತಾಯಿ, ನಾನೂ ಮೊದಲ ಹತ್ತು ವರ್ಷ ಸಾರಾಂಶವನ್ನೇ ಬರೆಸಿದವನು. ಆ ಮಕ್ಕಳಿಗೆ ಪದ್ಯ ಕೊಡಲೇ ಇಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಕಷ್ಟವೆಲ್ಲ ಶಬ್ದಾರ್ಥದ್ದು ಅಂದುಕೊಳ್ಳುತ್ತೇವೆ. ನಾನು ಕಂಡಂತೆ ಕಷ್ಟ ಪದ ಬಿಡಿಸುವುದರಲ್ಲಿದೆ. ಪಂಪ ಸುಮಾರು 941ರಲ್ಲಿ ಬರೆದ ಬನವಾಸಿಯ ಪದ್ಯವನ್ನೇ ನೋಡಿ. ‘ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗ’ ಎಂದು ಮೊದಲ ಸಾಲು ನಿಲ್ಲುತ್ತದೆ, ‘ಳ್ಗಾಗರಮಾದ’ ಎಂದು ಎರಡನೆಯದು ಹೊರಡುತ್ತದೆ. ಇದರ ಛಂದಸ್ಸು ಉತ್ಪಲಮಾಲೆ, ಅದರಲ್ಲಿ ಸಾಲಿಗೆ 20 ಅಕ್ಷರ. ಲೆಕ್ಕ ತುಂಬಿದಲ್ಲಿ ಪದ ಅರ್ಧವಾದರೂ ಸಾಲು ಮುರಿಯುತ್ತದೆ. ಎರಡನೆಯ ಸಾಲಿನ ಕೊನೆಗೆ ‘ಪುಟ್ಟಲೇ’ ಎಂದಿದೆ. ಒಬ್ಬ ಹುಡುಗ ಅದನ್ನು ‘ಹುಟ್ಟಲೇ?’ ಎಂದು ಕೇಳುವ ದನಿಯಲ್ಲಿ ಓದಿದ. ಅವನ ತಪ್ಪೇನಿಲ್ಲ. ಅದು ‘ಪುಟ್ಟಲ್ ಏನಾಗಿಯುಂ’. ‘ಏ’ ಮೇಲಿನ ಸಾಲಿನಲ್ಲಿ, ‘ನಾಗಿಯುಂ’ ಕೆಳಗಿನದರಲ್ಲಿ. ಅದನ್ನು ನಾನು ತೋರಿಸಿಯೇ ಇರಲಿಲ್ಲ.

ಮಾರನೇ ದಿನ ನಾಲ್ಕೂ ಸಾಲು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಗೇ ಕೆಂಪು ಸೀಮೆಸುಣ್ಣ ಕೊಟ್ಟು ಗೀಟು ಹಾಕಿಸಿದೆ. ಗೊಟ್ಟಿಯ, ಅಲಂಪಿನ, ಇಂಪುಗಳ್ಗೆ, ಆಗರಮಾದ. ‘ಗೊಟ್ಟಿ ಅಂದ್ರೆ ಗೋಷ್ಠಿನಾ ಸರ್?’ ಅಂತ ಹಿಂದಿನ ಬೆಂಚಿನಿಂದ ಬಂತು. ಚಾಗ ತ್ಯಾಗವೆಂದು ಇನ್ನೊಬ್ಬಳು ಹಿಡಿದಳು. ‘ಅಲಂಪು’ ಅಂದರೆ ಹಿಗ್ಗು ಎಂದಷ್ಟೇ ನಾನು ಹೇಳಬೇಕಾಯಿತು.

ನಿಮ್ಮ ಊರಿನಲ್ಲಿ ಇನ್ನೊಂದು ಭಾಗ್ಯವಿದೆ. ತುಳು ಆಡುವ ಮಕ್ಕಳಿಗೆ ಹೂವು ‘ಪೂ’, ಹತ್ತು ‘ಪತ್ತ್’, ಹುಲಿ ‘ಪಿಲಿ’. ನಡುಗನ್ನಡದ ಹೊತ್ತಿಗೆ ಹಕಾರಕ್ಕೆ ತಿರುಗಿದ ಪಕಾರ ಅವರ ಮನೆಮಾತಿನಲ್ಲಿ ಹಾಗೇ ಉಳಿದಿದೆ. ಹವ್ಯಕರ ಮಗುವಿದ್ದರೆ ಅದರ ‘ಬಪ್ಪದು’ವಿನ (ಬರುವುದು) ಪಕ್ಕ ಹಳಗನ್ನಡದ ‘ಬರ್ಪುದು’ ಬರೆದು ತೋರಿಸಿ.

ಒಂದು ಕೋರಿಕೆ: ಇದೇ ಪದ್ಯದಲ್ಲಿ ಬರುವ ‘ಮಱಿದುಂಬಿ’ಯ (ಮರಿದುಂಬಿ) ಱಕಾರವನ್ನು, ಅಂದರೆ ಹಳಗನ್ನಡದ ಆ ಬೇರೆ ಅಕ್ಷರವನ್ನು, ರಕಾರ ಮಾಡಬೇಡಿ. ‘ಅಱಿ’ ಅಂದರೆ ತಿಳಿ, ‘ಅರಿ’ ಅಂದರೆ ಕತ್ತರಿಸು. ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದರೆ ಮಗು ಯಾವುದನ್ನು ಹಿಡಿಯಬೇಕು?

ಸಿಲಬಸ್ ವಿಷಯ. ನನಗೆ ಮೊದಲ ಪದ್ಯಕ್ಕೆ ಎರಡು ಪೀರಿಯಡ್ ಹಿಡಿಯಿತು, ನಾಲ್ಕನೆಯದಕ್ಕೆ ಅರ್ಧ ಗಂಟೆ ಸಾಕಾಯಿತು. ಸಾರಾಂಶವನ್ನು ಕೊನೆಗೆ ಮಕ್ಕಳೇ ಬರೆಯಲಿ, ನೀವು ತಿದ್ದಿಕೊಡಿ.