ನಿಮ್ಮ ಮೆರಾನೊ ಲೇಖನದ ಬಗ್ಗೆ ಒಂದಿಷ್ಟು ನೇರ ಮಾತು

ನಮಸ್ಕಾರ.

ಇಟಲಿಯ ಮೆರಾನೊ ಊರಿನ ಟ್ರೌಟ್‌ಮನ್ಸ್‌ಡೋರ್ಫ್ ಕೋಟೆ, ಅದರ ಸಸ್ಯೋದ್ಯಾನ, ಒಳಗಿನ ಮ್ಯೂಸಿಯಂ, ಇವುಗಳ ಬಗ್ಗೆ ನೀವು ಕಳಿಸಿದ ಪ್ರವಾಸ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಹಿಡಿಸಿದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಮೂರನೇ ಪುಟದಲ್ಲಿ ಒಬ್ಬ ತೋಟಗಾರ ಬರುತ್ತಾನೆ. ಮೊಣಕಾಲೂರಿ ಕೂತು ಟುಲಿಪ್ ಗಿಡಗಳನ್ನು ಗಡ್ಡೆ ಸಮೇತ ಕೀಳುತ್ತಿದ್ದಾನೆ. ಮಣ್ಣು ಕೊಡವಿ ಕ್ರೇಟಿಗೆ ಹಾಕುತ್ತಿದ್ದಾನೆ. ‘ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ’ ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವೇ ಕಂಡು, ನಿಮ್ಮ ಮಾತಿನಲ್ಲೇ ಬರೆದ ವಾಕ್ಯ ಅದು. ಓದುತ್ತಾ ನಾನು ಅಲ್ಲೇ ನಿಂತೆ. ಬಾಡದ ಹೂವನ್ನು ಯಾಕೆ ಕೀಳುತ್ತಿದ್ದಾರೆ? ಬೇಸಿಗೆಯ ಗಿಡಗಳಿಗೆ ಜಾಗ ಮಾಡಬೇಕಿತ್ತೇ? ಬಂದವರ ಕಣ್ಣಿಗೆ ಬಾಡಿದ ಹೂವು ಬೀಳಲೇಬಾರದು ಅಂತಲೇ? ನೀವು ಅವನನ್ನು ಕೇಳಿದಿರಾ? ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲೇ ಅವನನ್ನು ಬಿಟ್ಟು ‘ಕಣ್ಮನ ತಣಿಸುವ ರಮಣೀಯ ದೃಶ್ಯ’ದ ಕಡೆ ಹೊರಟುಬಿಟ್ಟಿದ್ದೀರಿ.

ನನ್ನ ಮುಖ್ಯ ತಕರಾರು ಇದೇ. ‘ಭೂಲೋಕದ ಸ್ವರ್ಗ’, ‘ಮನಸೂರೆಗೊಳ್ಳುವ’, ‘ಬಣ್ಣಿಸಲು ಪದಗಳೇ ಸಾಲದು’. ಈ ಮಾತುಗಳನ್ನು ಯಾವ ತೋಟದ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ಅಲ್ಲಿಗೆ ಹೋಗದೆಯೂ ಬರೆಯಬಹುದು. ನೀವು ಹೋಗಿ ಬಂದವರು. ಓದುಗರಿಗೆ ಬೇಕಿರುವುದು ನಿಮ್ಮ ಕಣ್ಣು.

ಎರಡನೇ ಪುಟದಲ್ಲಿ ನಿಮಗೇ ತಿಳಿಯದಂತೆ ಒಂದು ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಪಾಮ್ ಮರದ ಕೆಳಗೆ ನಿಂತು ಬೆವರು ಒರೆಸಿಕೊಂಡು ತಲೆ ಎತ್ತಿದರೆ ಎದುರಿಗೇ ಹಿಮ ಹೊದ್ದ ಬೆಟ್ಟ. ‘ಎಂಥ ಸೋಜಿಗ!’ ಎಂದು ಅಲ್ಲಿಗೇ ಬಿಟ್ಟಿದ್ದೀರಿ. ಬಿಡಬೇಡಿ. ಆಲ್ಪ್ಸ್ ಬೆಟ್ಟಗಳ ನಡುವೆ ಪಾಮ್, ಆಲಿವ್, ಸೈಪ್ರೆಸ್ ಮರಗಳು ಹೇಗೆ ಬದುಕುತ್ತವೆ? ಮೆರಾನೊ ಸಮುದ್ರಮಟ್ಟದಿಂದ ಬರೀ 325 ಮೀಟರ್ ಎತ್ತರದಲ್ಲಿದೆ. ಅದರ ಉತ್ತರಕ್ಕೆ ಟೆಕ್ಸೆಲ್ ಪರ್ವತಗಳಿವೆ. ಅಲ್ಲಿನ ಶಿಖರಗಳು 3000 ಮೀಟರ್ ದಾಟುತ್ತವೆ. ಉತ್ತರದ ಚಳಿಗಾಳಿಯನ್ನು ಅವು ತಡೆಯುತ್ತವೆ. ಕಣಿವೆ ದಕ್ಷಿಣಕ್ಕೆ ತೆರೆದುಕೊಂಡಿರುವುದರಿಂದ ಆ ಕಡೆಯ ಬೆಚ್ಚನೆಯ ಗಾಳಿ ಒಳಗೆ ಬರುತ್ತದೆ. ನೀವು ನೋಡಿ ಬೆರಗಾದ ಆ ಹಿಮದ ಬೆಟ್ಟವೇ ಪಾಮ್ ಮರವನ್ನು ಕಾಯುತ್ತಿದೆ. ಲೇಖನದ ಹೊಟ್ಟೆಯಲ್ಲಿ ಇರಬೇಕಾದದ್ದು ಇದು.

ಮರಗಳನ್ನು ಬದುಕಿಸಿದ ಹವೆಯೇ ಜನರನ್ನೂ ಇಲ್ಲಿಗೆ ಕರೆತಂದಿತು. 19ನೇ ಶತಮಾನದಲ್ಲಿ ಎದೆಯ ಕಾಯಿಲೆಯವರು, ಚಳಿಗಾಲ ತಾಳಲಾಗದವರು ಮೆರಾನೊಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಸಬೆತ್, ಅಂದರೆ ‘ಸಿಸಿ’, 1870ರಲ್ಲಿ ಈ ಕೋಟೆಗೆ ಬಂದದ್ದೂ ಎರಡು ವರ್ಷದ ಮಗಳು ಮೇರಿ ವಲೆರಿಯ ಆರೋಗ್ಯಕ್ಕಾಗಿ. ಆಗ ರೈಲು ಹತ್ತಿರದ ಬೋಲ್ಜಾನೊ ನಗರದವರೆಗೆ ಮಾತ್ರ ಇತ್ತು. ಮೆರಾನೊಗೆ ಬಂದದ್ದು 1881ರಲ್ಲಿ. ಸಾಮ್ರಾಜ್ಞಿ ಬಂದು ಹೋದ ಸುದ್ದಿಯಿಂದ ಊರಿನ ಹೆಸರು ಎಲ್ಲೆಡೆ ಹಬ್ಬಿತು. 1889ರ ಜನವರಿಯಲ್ಲಿ ಮಗ ರುಡಾಲ್ಫ್ ತೀರಿಕೊಂಡ ಮೇಲೆ, ಅದೇ ವರ್ಷ ಆಕೆ ಮತ್ತೆ ಇಲ್ಲಿಗೆ ಬಂದಳು. ಒಮ್ಮೆ ಮಗುವಿನ ಆರೋಗ್ಯಕ್ಕಾಗಿ ಬಂದ ತಾಯಿ, ಇನ್ನೊಮ್ಮೆ ಮಗನನ್ನು ಕಳೆದುಕೊಂಡು ಬಂದಳು. ನೀವು ಆಕೆಯ ಸೌಂದರ್ಯದ ಬಗ್ಗೆ ಇಡೀ ಪ್ಯಾರಾ ಬರೆದಿದ್ದೀರಿ. ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇಲ್ಲೇ ಕೆಲವು ತಪ್ಪುಗಳನ್ನೂ ತಿದ್ದಿಕೊಳ್ಳಿ. ‘ಸಿಸಿ ಬೆಳೆಸಿದ ತೋಟ’ ಅಂದಿದ್ದೀರಿ. ಅಲ್ಲ. ಈ ಸಸ್ಯೋದ್ಯಾನ ತೆರೆದದ್ದು 2001ರಲ್ಲಿ. ‘ಆಸ್ಟ್ರಿಯಾದಿಂದ ಇಟಲಿಗೆ ಪ್ರವಾಸ ಬಂದಳು’ ಅನ್ನುವುದೂ ಸರಿಯಲ್ಲ. ಆಗ ಮೆರಾನೊ ಆಕೆಯ ಗಂಡನ ಸಾಮ್ರಾಜ್ಯದ ಒಳಗೇ ಇತ್ತು. ಮೊದಲ ಮಹಾಯುದ್ಧದ ನಂತರವಷ್ಟೇ ದಕ್ಷಿಣ ಟಿರೋಲ್, ಅಂದರೆ ಮೆರಾನೊ ಇರುವ ಪ್ರದೇಶ, ಇಟಲಿಗೆ ಸೇರಿತು. ಫಲಕಗಳಲ್ಲಿ ಜರ್ಮನ್ ಯಾಕಿದೆ ಅಂತ ಆಶ್ಚರ್ಯಪಟ್ಟಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಇನ್ನು ಮ್ಯೂಸಿಯಂ. ‘ನಂತರ ಮ್ಯೂಸಿಯಂ ನೋಡಿದೆವು, ಹಳೆಯ ವಸ್ತುಗಳಿದ್ದವು.’ ಇಷ್ಟೇನಾ? ಆ ಮ್ಯೂಸಿಯಂನ ಹೆಸರು ಟೂರಿಸೆಯುಮ್. ಸಿಸಿ ಉಳಿದುಕೊಂಡಿದ್ದ ಅದೇ ಕೋಟೆಯೊಳಗೆ 2003ರಲ್ಲಿ ಶುರುವಾಯಿತು. ಟಿರೋಲ್‌ಗೆ ಪ್ರವಾಸಿಗರು ಬರತೊಡಗಿದ ಸುಮಾರು 200 ವರ್ಷಗಳ ಕತೆ ಅಲ್ಲಿದೆ. ಅದನ್ನು ಎರಡು ಕಡೆಯಿಂದ ಹೇಳಿದ್ದಾರೆ. ಬಂದವರು ಕಂಡದ್ದು ಒಂದು. ಅವರನ್ನು ಬರಮಾಡಿಕೊಂಡ ಊರಿನವರು ಕಂಡದ್ದು ಇನ್ನೊಂದು. ನಿಮ್ಮ ಲೇಖನದಲ್ಲಿ ಬಂದವರು ಮಾತ್ರ ಇದ್ದಾರೆ. ಊರಿನವರ ಕಡೆಯಿಂದ ಇರುವುದು ಆ ತೋಟಗಾರ ಒಬ್ಬನೇ, ಅವನಿಗೂ ಮೂರೇ ಸಾಲು. ಅವನನ್ನು ಮ್ಯೂಸಿಯಂನ ಭಾಗದ ಹತ್ತಿರ ತನ್ನಿ. ತೋಟ, ಕೋಟೆ, ಮ್ಯೂಸಿಯಂ ಮೂರೂ ತಾವಾಗಿಯೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅವನ ಜೊತೆ ಮಾತಾಡಿದ್ದರೆ ಆ ಮಾತು ಸೇರಿಸಿ. ಮಾತಾಡಿಲ್ಲದಿದ್ದರೆ ದಯವಿಟ್ಟು ಸುಮ್ನೆ ಕಲ್ಪಿಸಿ ಬರೆಯಬೇಡಿ. ಅವನ ಕೈಗಳು ಏನು ಮಾಡುತ್ತಿದ್ದವು ಅನ್ನುವುದೇ ಸಾಕು.

12 ಹೆಕ್ಟೇರ್, ನಾಲ್ಕು ವಿಭಾಗ, 80ಕ್ಕೂ ಹೆಚ್ಚು ಬಗೆಯ ತೋಟಗಳು ಅಂತ ಪಟ್ಟಿ ಕೊಟ್ಟಿದ್ದೀರಿ. ಅದು ಟಿಕೆಟ್ ಜೊತೆ ಕೊಡುವ ಕರಪತ್ರದಲ್ಲಿ ಇರಲಿ. ತೋಟದ ಕೆಳತುದಿಗೂ ಮೇಲ್ತುದಿಗೂ 100 ಮೀಟರ್ ವ್ಯತ್ಯಾಸವಿದೆ ಅನ್ನುವುದನ್ನು ಮಾತ್ರ ಉಳಿಸಿಕೊಳ್ಳಿ. ಆದರೆ ಅಂಕಿಯಾಗಿ ಅಲ್ಲ. ಹತ್ತುವಾಗ ನಿಮ್ಮ ಕಾಲಿಗೆ, ಉಸಿರಿಗೆ ಏನಾಯಿತು ಅಂತ ಬರೆಯಿರಿ. ವಾಸ್ತುಶಿಲ್ಪಿ ಮ್ಯಾಟಿಯೋ ಥುನ್ ವಿನ್ಯಾಸ ಮಾಡಿದ, ದುರ್ಬೀನಿನ ಆಕಾರದ ಆ ವೀಕ್ಷಣಾ ಕಟ್ಟೆಯ ಮೇಲೆ ನಿಮ್ಮ ಅಮ್ಮ ಕಂಬಿ ಬಿಡದೆ ನಿಂತಿದ್ದ ಚಿತ್ರ ಚೆನ್ನಾಗಿದೆ, ಅದಕ್ಕೆ ಕೈ ಹಚ್ಚಬೇಡಿ. ವಿಮಾನ, ಹೋಟೆಲ್, ಊಟದ ಮೊದಲ ಒಂದೂವರೆ ಪುಟ ಪೂರ್ತಿ ತೆಗೆಯಿರಿ. ನೇರವಾಗಿ ಪಾಮ್ ಮರದ ಕೆಳಗಿನಿಂದ ಶುರುವಾಗಲಿ.

ಫೋಟೋಗಳಲ್ಲಿ ನಿಮ್ಮ ಮನೆಯವರು ನಿಂತಿರುವವೇ ಜಾಸ್ತಿ. ಮರಗಳ ಹಿಂದೆ ಹಿಮ ಕಾಣುವ ಒಂದು ಫೋಟೋ ಇದ್ದರೆ ಹುಡುಕಿ ಕಳಿಸಿ. ‘ವರ್ಷವಿಡೀ ತೆರೆದಿರುತ್ತದೆ’ ಅನ್ನುವ ಕೊನೆಯ ಸಾಲನ್ನು ಹೊಡೆದು ಹಾಕಿ. ಚಳಿಗಾಲದಲ್ಲಿ ಉದ್ಯಾನ ಮುಚ್ಚಿರುತ್ತದೆ, ಸಾಮಾನ್ಯವಾಗಿ ಏಪ್ರಿಲ್‌ನಿಂದ ನವೆಂಬರ್ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಹೋಗುವ ಯೋಚನೆ ಇರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಮಾರ್ಚ್ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಜನವರಿ ಕೊನೆಯೊಳಗೆ ತಿದ್ದಿದ ಪ್ರತಿ ಕೈಸೇರಿದರೆ, ಇಬ್ಬರೂ ಕೂತು ಇನ್ನೊಂದು ಸಲ ನೋಡಲು ಸಮಯ ಸಿಗುತ್ತದೆ.