ಪ್ರಶಿಕ್ಷಣಾರ್ಥಿಯ ಕೈಗೆ ತರಗತಿಯನ್ನು ಯಾವಾಗ ಕೊಡಬೇಕು?

ಮುಂದಿನ ವಾರದಿಂದ ಹತ್ತು ವಾರ ನಿಮ್ಮ ಐದನೇ ತರಗತಿಗೆ ಒಬ್ಬ ಪ್ರಶಿಕ್ಷಣಾರ್ಥಿ, ಅಂದರೆ ಟೀಚರ್ ಆಗಲು ತರಬೇತಿ ಪಡೆಯುತ್ತಿರುವವರು, ಬರುತ್ತಿದ್ದಾರೆ, ತರಗತಿಯನ್ನು ಅವರ ಕೈಗೆ ಯಾವಾಗ ಕೊಡಬೇಕು, ಅಷ್ಟರಲ್ಲಿ ಮಕ್ಕಳ ಕಲಿಕೆ ಹಿಂದೆ ಬಿದ್ದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಇಲ್ಲಿಯವರೆಗೆ ಏಳು ಜನ ಪ್ರಶಿಕ್ಷಣಾರ್ಥಿಗಳ ಜೊತೆ ಕೆಲಸ ಮಾಡಿದ್ದೇನೆ. ಮೊದಲ ಇಬ್ಬರಿಗೆ ನಾನು ಒಳ್ಳೆಯ ಮಾರ್ಗದರ್ಶಿ ಆಗಿರಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಎರಡು ವಾರ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ನನ್ನ ಪಾಠ ತೋರಿಸಿದೆ. ಮೂರನೇ ಸೋಮವಾರ ಪಠ್ಯಪುಸ್ತಕ, ಹಾಜರಿ ಪುಸ್ತಕ ಎರಡನ್ನೂ ಅವರ ಕೈಗಿಟ್ಟು ಆ ಬೆಂಚಿಗೆ ನಾನು ಹೋದೆ. ಈಜು ಬಾರದವರನ್ನು ಬಾವಿಗೆ ತಳ್ಳಿದ ಹಾಗೆ. ತಳ್ಳಿದ ಮೇಲಾದರೂ ಸುಮ್ನಿದ್ದೆನಾ? ಇಲ್ಲ.

ಅವತ್ತು ಭಿನ್ನರಾಶಿ ಪಾಠ. ಮೂರನೇ ಒಂದು ದೊಡ್ಡದಾ, ನಾಲ್ಕನೇ ಒಂದು ದೊಡ್ಡದಾ ಅಂತ ಅವರು ಕೇಳಿದರು. ಒಬ್ಬ ಹುಡುಗ ಎದ್ದು ನಿಂತು, "ನಾಲ್ಕನೇ ಒಂದು, ಮಿಸ್. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ?" ಅಂದ. ಅವರು ಸೀಮೆಸುಣ್ಣ ಹಿಡಿದುಕೊಂಡು ಒಂದು ಗಳಿಗೆ ಯೋಚಿಸಿದರು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದಲೇ, "ಒಂದು ಕಾಗದವನ್ನ ನಾಲ್ಕು ಭಾಗ ಮಾಡಿದ್ರೆ ಒಂದೊಂದು ತುಂಡು ಚಿಕ್ಕದಾಗುತ್ತಲ್ಲೋ!" ಅಂದೆ. ಇಡೀ ತರಗತಿಯ ತಲೆ ಒಟ್ಟಿಗೆ ಹಿಂದಕ್ಕೆ ತಿರುಗಿತು. ಆಮೇಲೆ ಅವರು ಏನು ಹೇಳಿದರೂ ಮಕ್ಕಳು ಒಮ್ಮೆ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಬರೆದುಕೊಳ್ಳುತ್ತಿದ್ದರು. ಪಿರಿಯಡ್ ಅವರಿಗೆ ಕೊಟ್ಟಿದ್ದೆ, ಯಾವುದು ಸರಿ ಯಾವುದು ತಪ್ಪು ಅಂತ ಹೇಳುವ ಅಧಿಕಾರ ಮಾತ್ರ ನನ್ನ ಹತ್ತಿರವೇ ಇತ್ತು.

ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾವು ಹೀಗೆ ಮಾಡುವುದಿಲ್ಲ. ಮೊದಲು ನಾನು ಮಾಡಿ ತೋರಿಸ್ತೀನಿ, ಆಮೇಲೆ ಇಬ್ಬರೂ ಸೇರಿ ಮಾಡೋಣ, ಆಮೇಲೆ ನೀನೊಬ್ಬನೇ ಮಾಡು. ಪಿಯರ್ಸನ್ ಮತ್ತು ಗ್ಯಾಲಗರ್ ಅನ್ನುವ ಶಿಕ್ಷಣ ಸಂಶೋಧಕರು 1983ರಲ್ಲಿ ಓದಿನ ಪಾಠದ ಬಗ್ಗೆ ಬರೆಯುತ್ತಾ, ಹೊಣೆ ಟೀಚರ್ ಕೈಯಿಂದ ಮಗುವಿನ ಕೈಗೆ ಸ್ವಲ್ಪಸ್ವಲ್ಪವಾಗಿ ದಾಟಬೇಕು ಎಂದು ಹೇಳಿದ್ದೂ ಇದನ್ನೇ. ಪ್ರಶಿಕ್ಷಣಾರ್ಥಿಯ ವಿಷಯಕ್ಕೆ ಬಂದಾಗ ಮಾತ್ರ ನಾವು ಆ ನಡುವಿನ 'ಇಬ್ಬರೂ ಸೇರಿ' ಅನ್ನುವುದನ್ನು ಹಾರಿಸಿಬಿಡುತ್ತೇವೆ. ಸಹಬೋಧನೆ, ಅಂದರೆ ಇಬ್ಬರು ಟೀಚರ್ ಸೇರಿ ಒಂದೇ ತರಗತಿಗೆ ಪಾಠ ಮಾಡುವುದು, ಆ ನಡುವಿನ ಭಾಗ.

ನಿಮ್ಮ ಎರಡನೇ ಭಯಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಕ್ಲೌಡ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಶಿಕ್ಷಣಾರ್ಥಿಗಳ ತರಬೇತಿಗೆ ಸಹಬೋಧನೆಯ ಏಳು ವಿಧಾನಗಳನ್ನು ಅಳವಡಿಸಿದರು. ಅವರು ಮಕ್ಕಳ ಫಲಿತಾಂಶವನ್ನೂ ಹೋಲಿಸಿ ನೋಡಿದರು. ಓದು, ಗಣಿತ ಎರಡರಲ್ಲೂ ಸಹಬೋಧನೆ ನಡೆದ ತರಗತಿಯ ಮಕ್ಕಳು ಒಬ್ಬರೇ ಟೀಚರ್ ಇದ್ದ ತರಗತಿಯವರಿಗಿಂತ ಮುಂದಿದ್ದರು. ಒಂದು ಕೋಣೆಯಲ್ಲಿ ಇಬ್ಬರು ದೊಡ್ಡವರು ನಿಜವಾಗಿ ಕೆಲಸ ಮಾಡಿದರೆ ಮಕ್ಕಳಿಗೆ ನಷ್ಟ ಯಾಕಾಗುತ್ತದೆ ಹೇಳಿ. ನಷ್ಟ ಆಗುವುದು ಒಬ್ಬರು ಸುಮ್ಮನೆ ಹಿಂದೆ ಕೂತಾಗ.

ಈಗ ನಿಮ್ಮ ಮೊದಲ ಪ್ರಶ್ನೆ. ಯಾವಾಗ ಕೊಡಬೇಕು? ಮೊದಲ ದಿನವೇ. ಪಾಠ ಬೇಡ, ಒಂದು ಚಿಕ್ಕ ಕೆಲಸವನ್ನು ಪೂರ್ತಿಯಾಗಿ ಕೊಡಿ. ನಾನು ದಿನದ ಮೊದಲ ಹತ್ತು ನಿಮಿಷ ಕೊಡುತ್ತೇನೆ. ಹಾಜರಿ, ಹೋಂವರ್ಕ್ ನೋಡುವುದು, ಯಾರು ಯಾಕೆ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದಾರೆ ಅಂತ ವಿಚಾರಿಸುವುದು. ಆ ಹತ್ತು ನಿಮಿಷದಲ್ಲಿ ಮಗು ನನ್ನ ಹತ್ತಿರ ಬಂದು "ನೀರು ಕುಡಿಯೋಕೆ ಹೋಗ್ಲಾ?" ಅಂದರೆ "ಅವರನ್ನ ಕೇಳು" ಅನ್ನುತ್ತೇನೆ. ಬಾಗಿಲ ಹತ್ತಿರ ನಾನೇ ನಿಂತಿದ್ದರೂ ಸರಿ. ಮಕ್ಕಳಿಗೆ ಪರಿಚಯ ಮಾಡಿಸುವಾಗ "ಟ್ರೇನಿಂಗ್‌ಗೆ ಬಂದಿದ್ದಾರೆ" ಅನ್ನಬೇಡಿ, "ಇನ್ನು ಹತ್ತು ವಾರ ನಿಮಗೆ ಇಬ್ಬರು ಟೀಚರ್" ಅನ್ನಿ. ಇಬ್ಬರ ಹೆಸರೂ ಬೋರ್ಡಿನ ಮೂಲೆಯಲ್ಲಿ ಇರಲಿ.

ಮೊದಲ ವಾರ ಅವರು ನಿಮ್ಮ ಪಾಠ ನೋಡಲೇಬೇಕು. ಆದರೆ 'ನೋಡಿ' ಅಂದರೆ ಏನು ನೋಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ, ದಿನಕ್ಕೆ ಒಂದೇ ವಿಷಯ ಕೊಡಿ. ನಾನು ಯಾವಾಗಲೂ ಕೊಡುವ ಒಂದು ಕೆಲಸವಿದೆ: ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡ್ ಕಾಯುತ್ತೇನೆ ಅಂತ ಎಣಿಸುವುದು. ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುವುದೂ ಕಷ್ಟ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ ಅಂತ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಇಷ್ಟು ವರ್ಷ ಪಾಠ ಮಾಡಿದ ನನಗೆ ಒಬ್ಬ ಪ್ರಶಿಕ್ಷಣಾರ್ಥಿ "ಇವತ್ತು ಹೆಚ್ಚು ಸಲ ಒಂದೇ ಸೆಕೆಂಡ್, ಸರ್" ಅಂತ ಹೇಳಿದಾಗ ಸ್ವಲ್ಪ ಚುರುಕ್ ಅಂದಿತು. ಆದರೆ ಆಮೇಲೆ ಅವರ ಪಾಠವನ್ನು ನಾನು ಎಣಿಸಿದಾಗ ಅವರಿಗೆ ಬೇಜಾರಾಗಲಿಲ್ಲ. ನೋಡುವ ಕೆಲಸ ಎರಡೂ ಕಡೆಯಿಂದ ನಡೆಯಬೇಕು.

ಎರಡನೇ ವಾರದಿಂದ ನನ್ನ ಮೆಚ್ಚಿನ ಏರ್ಪಾಟು, ಮೂರು ಗುಂಪು. ತರಗತಿಯನ್ನು ಮೂರು ಭಾಗ ಮಾಡಿ, ಒಂದು ಗುಂಪು ನನ್ನ ಹತ್ತಿರ, ಒಂದು ಅವರ ಹತ್ತಿರ, ಇನ್ನೊಂದು ತಾವೇ ಅಭ್ಯಾಸ ಮಾಡುತ್ತದೆ. ಹನ್ನೆರಡು ನಿಮಿಷಕ್ಕೊಮ್ಮೆ ಗುಂಪುಗಳು ಜಾಗ ಬದಲಾಯಿಸುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಯಾಕೆ ಅಂದರೆ ಅವರು ಒಂದೇ ಪುಟ್ಟ ಪಾಠವನ್ನು ಒಂದೇ ಪಿರಿಯಡ್‌ನಲ್ಲಿ ಮೂರು ಸಲ ಮಾಡುತ್ತಾರೆ. ಒಮ್ಮೆ ಮೊದಲ ಗುಂಪಿಗೆ ಕಾಗದ ಮಡಚಿ ತೋರಿಸಲು ಹೋದ ಪ್ರಶಿಕ್ಷಣಾರ್ಥಿ ಅರ್ಧ ಸಮಯ ಕಾಗದ ಹಂಚುವುದರಲ್ಲೇ ಕಳೆದರು. ಎರಡನೇ ಗುಂಪು ಬರುವ ಹೊತ್ತಿಗೆ ಕಾಗದಗಳು ಮೇಜಿನ ಮೇಲೆ ಮೊದಲೇ ಇದ್ದವು. ಮೂರನೇ ಗುಂಪಿಗೆ ಅವರೇ ಮಡಚಲಿಲ್ಲ, ಮಕ್ಕಳ ಕೈಗೆ ಕೊಟ್ಟು "ಯಾವ ತುಂಡು ದೊಡ್ಡದು, ಒಂದರ ಮೇಲೊಂದು ಇಟ್ಟು ನೋಡಿ" ಅಂದರು. ನಾನು ಒಂದು ಮಾತೂ ಹೇಳಿರಲಿಲ್ಲ. ಸಂಜೆ ಕೂತು ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ತರಗತಿಯನ್ನು ಎರಡು ಭಾಗ ಮಾಡಿ ಇಬ್ಬರೂ ಒಂದೇ ಪಾಠ ಮಾಡುವ ವಿಧಾನವೂ ಇದೆ. ಕೋಣೆ ಚಿಕ್ಕದಾದರೆ ಗದ್ದಲ ಜಾಸ್ತಿ. ನನಗೆ ಅಷ್ಟು ಒಗ್ಗಲಿಲ್ಲ.

ಸುಮಾರು ನಾಲ್ಕನೇ ವಾರ ಪಾಠ ಯೋಜನೆಯ ಪೆನ್ನು ಅವರ ಕೈಗೆ ಹೋಗಬೇಕು. ಜನ ಮರೆಯುವುದು ಇದನ್ನೇ. ನೀವು ಬರೆದ ಯೋಜನೆಯನ್ನು ಅವರು ಮಾಡಿದರೆ ಅದು ನಿಮ್ಮದೇ ಪಾಠ, ಬಾಯಿ ಮಾತ್ರ ಅವರದು. ಮೊದಲ ವಾರಗಳಲ್ಲಿ ನಾನು ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ: ಈ ಉದಾಹರಣೆ ಯಾಕೆ, ಇದನ್ನು ಮೊದಲೇ ಯಾಕೆ ಹೇಳಲ್ಲ, ಎಲ್ಲಿ ಮಕ್ಕಳು ಎಡವುತ್ತಾರೆ. ಆಮೇಲೆ ಅವರು ಯೋಜನೆ ತರುತ್ತಾರೆ, ನಾನು ಪ್ರಶ್ನೆ ಮಾತ್ರ ಕೇಳುತ್ತೇನೆ. ವಾರಕ್ಕೆ ಒಂದು ಗಂಟೆ ಇದಕ್ಕೇ ಮೀಸಲು. ಆ ಗಂಟೆ ತಪ್ಪಿದ ವಾರ ಸಹಬೋಧನೆ ನಡೆಯುವುದಿಲ್ಲ, ಇಬ್ಬರೂ ಒಬ್ಬರ ಕಾಲು ಒಬ್ಬರು ತುಳಿಯುತ್ತಿರುತ್ತೀರಿ.

ಐದನೇ ವಾರದ ನಂತರ ಅವರು ಮುಂದೆ, ನೀವು ಸಹಾಯಕ್ಕೆ. ಇಲ್ಲಿ ಬಾಯಿ ಕಟ್ಟುವುದೇ ನಿಮ್ಮ ಕೆಲಸ. ನಾವು ಒಂದು ಗುರುತು ಇಟ್ಟುಕೊಂಡಿದ್ದೆವು. ಅವರು ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟರೆ ನಾನು ಬರಬೇಕು, ಇಲ್ಲದಿದ್ದರೆ ಇಲ್ಲ. ಮಗುವಿಗೆ ಪೆಟ್ಟಾಗುವ ಹಾಗಿದ್ದರೆ ಯಾವ ಗುರುತಿಗೂ ಕಾಯುವುದಿಲ್ಲ, ಅದು ಬೇರೆ ಮಾತು. ಬೋರ್ಡಿನ ಮೇಲೆ ತಪ್ಪು ಬಿದ್ದರೆ ಬೆಂಚುಗಳ ನಡುವೆ ಓಡಾಡುತ್ತಾ ಹತ್ತಿರ ಹೋಗಿ "ಎರಡನೇ ಸಾಲು" ಅಂತ ಪಿಸುಗುಟ್ಟುತ್ತೇನೆ, ಅವರೇ ತಿದ್ದುತ್ತಾರೆ. ಮಕ್ಕಳು ಮತ್ತೆ ನನ್ನ ಕಡೆ ತಿರುಗಿದರೆ ನಾನು ಬೋರ್ಡ್ ನೋಡುತ್ತೇನೆ. ಮೂರ್ನಾಲ್ಕು ದಿನದಲ್ಲಿ ತಿರುಗುವುದು ನಿಲ್ಲುತ್ತದೆ.

ಕೋಣೆಯಿಂದ ಪೂರ್ತಿ ಹೊರಗೆ ಹೋಗುವುದೂ ಬೇಕು. ನಾಳೆ ಅವರಿಗೆ ಕೆಲಸ ಸಿಕ್ಕಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ. ಏಳು, ಎಂಟನೇ ವಾರದಲ್ಲಿ ಕೆಲವು ದಿನ ಅವರೊಬ್ಬರೇ ಇರಲಿ. ಆದರೆ ಮೂರು ವಾರ ನಾಪತ್ತೆ ಆಗಬೇಡಿ.

ಈ ವಾರಗಳ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಬೇಡಿ. ನನ್ನ ಐದನೆಯವರು ಮೂರನೇ ವಾರಕ್ಕೇ ಯೋಜನೆ ತಂದರು. ಆರನೆಯವರಿಗೆ ಆರು ವಾರ ಬೇಕಾಯಿತು.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊಡುವ ಹಾಗೆ ವಾಪಸ್ ತಗೊಳ್ಳುವುದೂ ನಿಧಾನವಾಗಿ ಆಗಬೇಕು. ಒಂದು ಸಲ ಶುಕ್ರವಾರ ಪ್ರಶಿಕ್ಷಣಾರ್ಥಿ ಹೋದರು, ಸೋಮವಾರ ನಾನು ಒಬ್ಬನೇ ಬಂದೆ. ಚಪ್ಪಾಳೆ ತಟ್ಟಿ ಗುಂಪು ಬದಲಾಯಿಸುವುದು ಅವರ ಪದ್ಧತಿ, ಬರೀ "ಏಳಿ" ಅನ್ನುವುದು ನನ್ನದು. ಅರ್ಧ ತರಗತಿ ಎದ್ದಿತು, ಇನ್ನರ್ಧ ಚಪ್ಪಾಳೆಗೆ ಕಾಯುತ್ತಾ ಕೂತಿತ್ತು. ಈಗ ಹತ್ತನೇ ವಾರ ಬೆಳಗಿನ ಪಿರಿಯಡ್‌ಗಳನ್ನು ನಾನು ತಗೊಳ್ಳುತ್ತೇನೆ, ಮಧ್ಯಾಹ್ನದ್ದು ಅವರಿಗೆ. ಚಪ್ಪಾಳೆಯನ್ನು ಮಾತ್ರ ಅವರಿಂದ ಕಲಿತು ಇಟ್ಟುಕೊಂಡಿದ್ದೇನೆ.